ಚೀಲದೊಳಗೆ ಹೋಗದ ಟೆಂಟು

ಪ್ರವಾಸದ ಮೊದಲ ಸಂಜೆ ಟೆಂಟನ್ನು ಅದರ ಚೀಲದಿಂದ ಹೊರಗೆ ತೆಗೆಯಲು ಏನೂ ಕಷ್ಟವಾಗಿರಲಿಲ್ಲ. ದಾರ ಸಡಿಲಿಸಿದ್ದೇ ತಡ, ಹಸಿದ ಕರು ಕೊಟ್ಟಿಗೆಯಿಂದ ನುಗ್ಗುವ ಹಾಗೆ ತಾನೇ ಹೊರಗೆ ಬಂದಿತ್ತು. ಆಮೇಲೆ ಮತ್ತೆ ಒಳಗೆ ಹೋಗಲಿಲ್ಲ. ಹೆಂಡತಿಯೊಡನೆ ಹೊರಟಿದ್ದ ಅಂಚೆ ಗುಮಾಸ್ತ ಪ್ರವಾಸ ಪೂರ್ತಿ ಅದನ್ನು ಬೆನ್ನುಚೀಲದ ಮೇಲೆ ಹಗ್ಗದಿಂದ ಬಿಗಿದುಕೊಂಡೇ ತಿರುಗಿದ. ಸಿಕ್ಕಿದ ಬಸ್ಸು, ಲಾರಿ, ಟ್ರ್ಯಾಕ್ಟರು ಹತ್ತಿ ಇಳಿಯುವಾಗ ಹಿಂದಿನಿಂದ ನೋಡಿದವರಿಗೆ ಅವನು ಯಾರನ್ನೋ ಆಸ್ಪತ್ರೆಗೆ ಹೊತ್ತು ಸಾಗಿಸುತ್ತಿರುವಂತೆ ಕಾಣುತ್ತಿತ್ತು.

ಈಗ ಕೊನೆಯ ದಿನ ಬಂದಿತ್ತು. ಟೆಂಟು ಅವನದಲ್ಲ, ಷಡ್ಡಕನದು. ಹೆಂಡತಿಯ ಅಕ್ಕನ ಗಂಡ ಅದನ್ನು ಎಳೆಗೂಸಿನ ಹಾಗೆ ಎರಡೂ ಕೈಯಲ್ಲಿ ಹಿಡಿದು ಕೊಡುತ್ತ, "ಹೇಗೆ ಕೊಟ್ಟಿದ್ದೀನೋ ಹಾಗೇ ವಾಪಸು ಬರಬೇಕು. ಭಾನುವಾರ ರಾತ್ರಿ ಊಟಕ್ಕೆ ಇಲ್ಲಿಗೇ ಬನ್ನಿ, ತಗೊಂಡು ಬನ್ನಿ," ಅಂದಿದ್ದರು. ಹಿಂದೊಮ್ಮೆ ಗುಮಾಸ್ತ ಅವರ ಛತ್ರಿ ತಂದು, ಒಂದು ಕಡ್ಡಿ ಬಾಗಿಸಿ ಹಿಂದಿರುಗಿಸಿದ್ದ. ಅಂದಿನಿಂದ ನೆಂಟರ ಮನೆಯ ಯಾವ ಊಟದಲ್ಲೂ ಅವನಿಗೆ ನೆಮ್ಮದಿಯಿಲ್ಲ. ನೀರಿನ ಜಗ್ಗು ಅವನ ಕಡೆಗೆ ಸರಿದರೆ ಸಾಕು, "ಹುಷಾರು ಕಣಪ್ಪ, ನಮ್ಮ ಛತ್ರಿ ತಗೊಂಡು ಹೋದವನು ಇವನೇ," ಎಂದು ಷಡ್ಡಕ ಶುರು ಮಾಡುತ್ತಿದ್ದರು. ಒಂದು ಛತ್ರಿಗೇ ಇಷ್ಟು ವರ್ಷ ಕೇಳಬೇಕಾದರೆ ಟೆಂಟಿಗೆ ಉಳಿದ ಆಯಸ್ಸು ಪೂರ್ತಿ ಹೋಗುತ್ತದೆಂದು ಗುಮಾಸ್ತ ಲೆಕ್ಕ ಹಾಕಿದ್ದ.

ಬಸ್ಸು ನಿಲ್ಲುವ ಕೂಡುರಸ್ತೆಯಲ್ಲಿ ಒಂದು ಚಹಾದಂಗಡಿ, ಒಂದು ಕ್ಷೌರದಂಗಡಿ, ಎರಡಕ್ಕೂ ಸೇರಿ ಒಂದೇ ಮರ. ಗುಮಾಸ್ತ ಮರದ ಕೆಳಗೆ ಚೀಲ ಇಳಿಸಿದ.

"ಇಲ್ಲೇ ಮಡಚಿ ಒಳಗೆ ತುಂಬಿಬಿಡೋಣ."

"ಬಸ್ಸು ಬರೋ ಹೊತ್ತಾಯ್ತು ರೀ," ಎಂದಳು ಹೆಂಡತಿ.

"ಐದು ನಿಮಿಷದ ಕೆಲಸ."

"ಮೊದಲ ದಿನದಿಂದಲೂ ಅದು ಐದು ನಿಮಿಷದ ಕೆಲಸಾನೇ. ದಿನಾ ಪಾರ್ಸಲ್ಲುಗಳ ಮಧ್ಯೆ ಕೂರೋರು, ಒಂದು ಟೆಂಟು ಕಟ್ಟೋಕೆ ಬರಲ್ವಲ್ಲ."

"ನಾನು ಕಟ್ಟಲ್ಲ. ಯಾರೋ ಕಟ್ಟಿರೋದಕ್ಕೆ ಮುದ್ರೆ ಒತ್ತೋದಷ್ಟೇ."

ಹಾಸಿದ, ಮಡಚಿದ, ಮೊಣಕಾಲೂರಿ ಸುತ್ತಿದ. ಅರ್ಧ ಒಳಗೆ ಹೋಯಿತು. ಉಳಿದರ್ಧ ಪಾತ್ರೆ ಮೀರಿ ಉಬ್ಬಿದ ಹಿಟ್ಟಿನಂತೆ ಚೀಲದ ಬಾಯಲ್ಲಿ ಕೂತಿತು. ಈ ಕಡೆ ಒತ್ತಿದರೆ ಆ ಕಡೆ ಬಂತು. ಬಸ್ಸೂ ಬಂತು. ಕಂಡಕ್ಟರ್ ಬಾಗಿಲಿಗೆ ಜೋತುಬಿದ್ದು ಸ್ವಲ್ಪ ಹೊತ್ತು ನೋಡಿದ. "ಬರ್ತೀರೋ, ಇಲ್ಲೇ ಸಂಸಾರ ಹೂಡ್ತೀರೋ?" ಎಂದು ಕೇಳಿ, ಉತ್ತರಕ್ಕೆ ಕಾಯದೆ ಸೀಟಿ ಊದಿದ.

ಬಸ್ಸು ಎಬ್ಬಿಸಿದ ಧೂಳು ಇಳಿಯುವಷ್ಟರಲ್ಲಿ ಕ್ಷೌರಿಕ ಕತ್ತಿ ಹಿಡಿದುಕೊಂಡೇ ಹೊರಗೆ ಬಂದಿದ್ದ. ಅವನ ಹಿಂದೆ ಅರ್ಧ ಮುಖಕ್ಕೆ ಸೋಪಿನ ನೊರೆ ಹಚ್ಚಿಸಿಕೊಂಡ ಗಿರಾಕಿ.

"ಉದ್ದಕ್ಕೆ ಮಡಚಬೇಕು ಸಾರ್," ಎಂದ ಕ್ಷೌರಿಕ.

"ಅಡ್ಡಕ್ಕೆ," ಎಂದ ನೊರೆಯವನು.

"ನೀನು ಸುಮ್ನಿರಪ್ಪ, ಇನ್ನೂ ಅರ್ಧ ಗಡ್ಡ ನನ್ನ ಕೈಯಲ್ಲಿದೆ."

ಚಹಾದಂಗಡಿಯ ಅಜ್ಜಿ ಕೂತಲ್ಲಿಂದಲೇ ಹೇಳಿದಳು: "ನಮ್ಮ ಸೊಸೆ ಹಾಸಿಗೆ ಸುತ್ತೋದೂ ಹಿಂಗೇ. ಅದಕ್ಕೇ ಅವಳಿಗೆ ಹಾಸಿಗೆ ಕೊಡೋದೇ ಬಿಟ್ಟೆ."

ಕೊನೆಗೆ ಅಜ್ಜಿಯೊಬ್ಬಳನ್ನು ಬಿಟ್ಟು ನಾಲ್ವರೂ ಒಂದೊಂದು ಮೂಲೆ ಹಿಡಿದು ಎಳೆದರು. ಆ ಹೊತ್ತಿಗೇ ಗಾಳಿ ಬೀಸಬೇಕೆ? ಕಣ್ಣಿಗೆ ಇಳಿದ ಸೋಪು ಒರೆಸಿಕೊಳ್ಳಲು ನೊರೆಯವನು ಕೈ ಬಿಟ್ಟ. ಟೆಂಟು ಹೊಟ್ಟೆ ಉಬ್ಬಿಸಿಕೊಂಡು ಉಳಿದವರ ಕೈಯನ್ನೂ ಕೊಡವಿ, ರಸ್ತೆ ದಾಟಿ ಹೊಲಕ್ಕೆ ಹಾರಿ, ಮೇಯುತ್ತಿದ್ದ ಮೇಕೆಗಳ ಮೇಲೆ ಬಿತ್ತು. ಬೇರೆ ಮೇಕೆಗಳೆಲ್ಲ ಚದುರಿದವು. ಒಂದು ಮಾತ್ರ ಒಳಗೇ ಉಳಿದು ಟೆಂಟಿನ ಸಮೇತ ಓಡತೊಡಗಿತು. ಷಡ್ಡಕನ ಟೆಂಟು ನಾಲ್ಕು ಕಾಲಿನಲ್ಲಿ ಬದು ಹಾರಿ ಹೋಗುವುದನ್ನು ಗುಮಾಸ್ತ ಕಣ್ಣಾರೆ ಕಂಡ. ಅವನು ಹಿಂದೆ ಓಡಿದ, ಕ್ಷೌರಿಕ ಓಡಿದ, ನೊರೆಯವನು ಓಡಿದ. ಹೆಂಡತಿ ನಕ್ಕು ನಕ್ಕು ಎದ್ದು ನಿಲ್ಲಲಾರದೆ ಮೈಲಿಗಲ್ಲಿನ ಮೇಲೆ ಕೂತಳು.

ನೀರಿನ ಗುಂಡಿಯ ಕೆಸರಿನಲ್ಲಿ ಮೇಕೆ ಸಿಕ್ಕಿತು, ಟೆಂಟೂ ಸಿಕ್ಕಿತು. ಅಜ್ಜಿ ಬಕೀಟು ಕೊಟ್ಟಳು. ತೊಳೆದು ಬೇಲಿಯ ಮೇಲೆ ಹರವಿದರು. ಗುಮಾಸ್ತ ಗಳಿಗೆಗೊಮ್ಮೆ ಹೋಗಿ ಮುಟ್ಟಿ ಬಂದ, ಸೂರ್ಯನನ್ನು ನೋಡಿದ, ರಸ್ತೆ ನೋಡಿದ, ಮತ್ತೆ ಮುಟ್ಟಿದ.

"ಮುಟ್ಟಿದ್ರೆ ಬೇಗ ಒಣಗಲ್ಲ ರೀ. ಇವತ್ತೇ ಕೊನೇ ದಿನ, ಒಂದು ಸಲ ಆ ಬೆಟ್ಟ ನೋಡಿ, ಬಿಸಿಲಿಗೆ ಹೇಗಿದೆ."

"ನೋಡಿದೆ," ಎಂದ ಗುಮಾಸ್ತ, ರಸ್ತೆಯ ಕಡೆಗೇ ಮುಖ ಮಾಡಿ. ಎರಡನೆಯ ಬಸ್ಸು ಬಂದು, ಹಸಿ ಟೆಂಟನ್ನೂ ಅವನನ್ನೂ ಬಿಟ್ಟು ಹೋಯಿತು.

ಬಿಸಿಲು ಇಳಿಯುವಾಗ ಜಲ್ಲಿ ತುಂಬಿದ ಲಾರಿಯೊಂದು ನಿಂತಿತು. ಡ್ರೈವರ್ ಚಹಾ ಕುಡಿಯುತ್ತ, ಅಜ್ಜಿಯ ಬಾಯಲ್ಲಿ ಕತೆಯನ್ನೆಲ್ಲ ಕೇಳಿ, ಲೋಟ ಇಟ್ಟ.

"ಎಲ್ರೂ ಬುದ್ಧಿ ಉಪಯೋಗಿಸಿದ್ದೀರಿ, ಅದೇ ತಪ್ಪಾಗಿದ್ದು. ಇದಕ್ಕೆ ತೂಕ ಬೇಕು. ತೂಕ ನನ್ನತ್ರ ಇದೆ."

ಟೆಂಟಿನ ಕಂಬಿಗಳನ್ನು ಬೇರೆ ಇಟ್ಟು, ಒಣಗಿದ ಬಟ್ಟೆಯನ್ನು ಸುತ್ತಿ, ಹೊರಗೆ ಗೋಣಿಚೀಲ ಹೊದಿಸಿ ಲಾರಿಯ ಹಿಂದಿನ ಚಕ್ರಕ್ಕೆ ಒಡ್ಡಿದ.

"ಬೇಡಣ್ಣ, ಅದು ನಮ್ಮ ಭಾವನದು," ಎಂದು ಗುಮಾಸ್ತ ಗೋಗರೆದ.

"ನಿಮ್ಮ ಭಾವನೇನೂ ಒಳಗಿಲ್ವಲ್ಲ."

ಲಾರಿ ಒಮ್ಮೆ ಮುಂದೆ ಹೋಯಿತು, ಒಮ್ಮೆ ಹಿಂದೆ ಬಂತು. ಊಟ ಮುಗಿಸಿ ಏಳುವ ಹಿರಿಯರ ಹಾಗೆ ಟೆಂಟು ದೀರ್ಘವಾಗಿ ಉಸ್ಸೆಂದಿತು. ಗೋಣಿ ಬಿಚ್ಚಿದರೆ ಇಟ್ಟಿಗೆಯಂತೆ ಗಟ್ಟಿಯಾಗಿ ಕೂತಿತ್ತು, ಎಲ್ಲೂ ಹರಿದಿರಲಿಲ್ಲ. ಕಂಬಿಗಳ ಸಮೇತ ಚೀಲದೊಳಗೆ ಸಲೀಸಾಗಿ ಇಳಿಯಿತು, ಮೇಲೆ ಇನ್ನೂ ಒಂದು ಗೇಣು ಜಾಗ. ನೊರೆಯೆಲ್ಲ ಒಣಗಿ ಮುಖಕ್ಕೆ ಅಂಟಿದ್ದ ಗಿರಾಕಿ ಕಣ್ಣು ಒರೆಸಿಕೊಂಡ. ಡ್ರೈವರ್ ಗಂಡಹೆಂಡಿರನ್ನು ಲಾರಿಯಲ್ಲೇ ಪಟ್ಟಣಕ್ಕೆ ಕರೆದೊಯ್ದ. ದಾರಿಯುದ್ದಕ್ಕೂ ಗುಮಾಸ್ತ ಚೀಲವನ್ನು ತೊಡೆಯ ಮೇಲಿಂದ ಇಳಿಸಲಿಲ್ಲ.

ಷಡ್ಡಕನ ಮನೆಯಲ್ಲಿ ತಟ್ಟೆ ಇಡುವ ಹೊತ್ತಿಗೆ ಸರಿಯಾಗಿ ತಲುಪಿದರು. ಗುಮಾಸ್ತ ಎರಡೂ ಕೈಯಲ್ಲಿ ಟೆಂಟನ್ನು ಒಪ್ಪಿಸಿದ. ಷಡ್ಡಕ ಅದನ್ನು ದೀಪದ ಕೆಳಗೆ ತಿರುಗಿಸಿದರು, ಅದುಮಿದರು, ಮೂಸಿದರು. ಮುಖ ಇಳಿಯಿತು.

"ಬಿಚ್ಚೇ ಇಲ್ಲ ಇದನ್ನ."

"ಭಾವ?"

"ಅಂಗಡಿಯಿಂದ ತಂದಾಗಲೂ ಇಷ್ಟು ಗಟ್ಟಿ ಇರಲಿಲ್ಲ. ಲಾಡ್ಜಲ್ಲಿ ಮಲಗಿ, ಇದನ್ನ ಸುಮ್ನೆ ಹೊತ್ಕೊಂಡು ಬಂದಿದ್ದೀಯ."

"ಇಲ್ಲ ಭಾವ, ದಿನಾ ಇದರಲ್ಲೇ ಮಲಗಿದ್ವಿ."

"ಸುಳ್ಳು ಬೇರೆ. ಕೇಳಿದ್ಯೇನೇ? ನಿನ್ನ ತಂಗಿ ಗಂಡನಿಗೆ ನಮ್ಮ ಟೆಂಟು ಲಾಯಕ್ಕಾಗಲಿಲ್ಲ."

"ನಾನು ಆವತ್ತೇ ಹೇಳಿದ್ದೆ," ಎಂದಳು ಅಕ್ಕ ಅಡುಗೆಮನೆಯಿಂದ. "ಅವರಿಗೆಲ್ಲ ನಮ್ಮ ಸಾಮಾನು ಹಿಡಿಸಲ್ಲ."

ಬೆಳಗಿನಿಂದ ನಗುತ್ತಲೇ ಇದ್ದ ಹೆಂಡತಿಗೆ ಇದೊಂದು ಮಾತು ತಡೆಯಲಾಗಲಿಲ್ಲ. "ಹಾಗಾದ್ರೆ ನೀವೇ ನೋಡಿ ಭಾವ," ಎಂದು ಚೀಲಕ್ಕೆ ಕೈ ಹಾಕಿದಳು. ಗುಮಾಸ್ತ ಕಣ್ಣಿನಲ್ಲೇ ಬೇಡಿಕೊಂಡ, ಕೈಯನ್ನೂ ಚಾಚಿದ. ಅಷ್ಟರಲ್ಲಿ ದಾರ ಬಿಚ್ಚಿ ಟೆಂಟನ್ನು ಹಿಡಿದು ಕೊಡವಿದ್ದಳು.

ಟೆಂಟು ಹೊರಗೆ ಬಂತು. ಬಂದು ಟೀಪಾಯಿ ಮುಚ್ಚಿತು, ಸೋಫಾ ಹತ್ತಿತು, ಷಡ್ಡಕನ ಪಾದಗಳಿಗೆ ಹೊದಿಕೆಯಾಯಿತು. ಮಡಿಕೆಯಲ್ಲಿ ಎಲ್ಲೋ ಅಡಗಿದ್ದ ಮೇಕೆ ಹಿಕ್ಕೆಯೊಂದು ಉರುಳಿಕೊಂಡು ಹೋಗಿ ನಡುಮನೆಯ ಮಧ್ಯೆ ನಿಂತಿತು.

ಗುಮಾಸ್ತ ತಲೆ ತಗ್ಗಿಸಿದ. ಷಡ್ಡಕ ಹಿಕ್ಕೆಯನ್ನು ಬಾಗಿ ನೋಡಿದರು. ನೋಡನೋಡುತ್ತ ಅವರ ಮುಖ ಅರಳಿತು.

"ಅಂದ್ರೆ ನಿಜವಾಗಲೂ ಬಿಚ್ಚಿದ್ದೀಯ."

"ಹೌದು ಭಾವ."

"ಬಿಚ್ಚಿ, ಮತ್ತೆ ಒಳಗೂ ಹಾಕಿದ್ದೀಯ."

"ಹ್ಞೂಂ ಭಾವ," ಎಂದ ಗುಮಾಸ್ತ, ದನಿ ಇಳಿಸಿ.

ಷಡ್ಡಕ ಟೆಂಟು ತುಳಿಯದಂತೆ ದಾಟಿ ಬಂದು ಅವನ ಹೆಗಲ ಮೇಲೆ ಕೈ ಹಾಕಿದರು. ಹಾಗೆ ಕೈ ಹಾಕಿದ್ದು ಮದುವೆಯಾದಾಗಿನಿಂದ ಇದೇ ಮೊದಲು.

"ಬಿಚ್ಚಿದ್ರೆ ಮತ್ತೆ ಒಳಗೆ ಹೋಗಲ್ಲ ಸ್ವಾಮಿ ಅಂತ ಅಂಗಡಿಯವನೇ ಹೇಳಿದ್ದ. ಹೆದರಿಕೊಂಡು ಇಷ್ಟು ದಿನ ಮುಟ್ಟಿರಲಿಲ್ಲ. ನಿನಗೆ ಕೊಟ್ಟಿದ್ದೇ ಯಾಕೆ ಅಂದ್ಕೊಂಡೆ? ನೀನು ಎಲ್ಲಾದ್ರೂ ಕಲಿತುಕೊಂಡು ಬಂದು ನಮಗೆ ಹೇಳಿಕೊಡಲಿ ಅಂತ."

ಅವರು ಕುರ್ಚಿ ಎಳೆದುಕೊಂಡು ಕೂತರು. ಅಕ್ಕ ಒಲೆ ಆರಿಸಿ, ಕೈ ಒರೆಸಿಕೊಳ್ಳುತ್ತ ಬಂದು ಪಕ್ಕದಲ್ಲಿ ಕೂತಳು. ಗುಮಾಸ್ತ ಟೆಂಟಿನ ಒಂದು ಮೂಲೆ ಎತ್ತಿಕೊಂಡು ಹೆಂಡತಿಯ ಮುಖ ನೋಡಿದ. ಅವಳು ಕಿಟಕಿಯಾಚೆ, ಒಂದು ಲಾರಿಯೂ ಇಲ್ಲದ ಖಾಲಿ ಬೀದಿಯನ್ನು ನೋಡುತ್ತಿದ್ದಳು.

ಷಡ್ಡಕ ವಿಡಿಯೋ ತೆಗೆಯಲು ಮೊಬೈಲನ್ನು ಅವನ ಕಡೆಗೆ ಹಿಡಿದರು.

"ಅವಸರ ಇಲ್ಲಪ್ಪ, ಊಟ ಆಮೇಲೆ ಮಾಡೋಣ. ಹ್ಞೂಂ, ಶುರು ಮಾಡು."