ತಾಮ್ರದ ತಂಬಿಗೆ ಮತ್ತು ಶೇಖರಣ್ಣನ ಜೀಪು

ಡೈರಿ ಬರೆಯುವವನನ್ನು ಜನ ಸುಮ್ಮನೆ ಸತ್ಯವಂತನೆಂದು ನಂಬಿಬಿಡುತ್ತಾರೆ. ನಾನು ಹದಿನಾಲ್ಕು ವರ್ಷಗಳಿಂದ ಡೈರಿ ಬರೆಯುತ್ತಿದ್ದೇನೆ. ಅನುಭವದಿಂದ ಹೇಳುತ್ತೇನೆ, ನಂಬಬೇಡಿ. ಧಾರವಾಡದಲ್ಲಿ ಇತಿಹಾಸದ ಎಂ.ಎ. ಓದುವಾಗ ನಮ್ಮ ಮೇಷ್ಟ್ರೊಬ್ಬರು ಯಾವ ಶಾಸನ ತೋರಿಸಿದರೂ, "ಯಾರು ಬರೆಸಿದರು, ಎಷ್ಟು ವರ್ಷದ ಮೇಲೆ ಬರೆಸಿದರು, ಬರೆಸಿ ಏನು ಗಳಿಸಿದರು, ಮೊದಲು ಅದನ್ನು ಕೇಳಿಕೊಳ್ಳಿ" ಎನ್ನುತ್ತಿದ್ದರು. ಸತ್ತ ರಾಜರ ಮೇಲೆಲ್ಲ ನಾನು ಆ ಪ್ರಶ್ನೆಗಳನ್ನು ಧಾರಾಳವಾಗಿ ಪ್ರಯೋಗಿಸಿದ್ದೇನೆ. ಕಪಾಟಿನಲ್ಲಿರುವ ನನ್ನದೇ ಹದಿನಾಲ್ಕು ಪುಸ್ತಕಗಳ ಮೇಲೆ ಒಮ್ಮೆಯೂ ಪ್ರಯೋಗಿಸಿರಲಿಲ್ಲ. ನನ್ನ ಪದ್ಧತಿಯೇನೆಂದರೆ, ಭಾನುವಾರ ನಡೆದದ್ದನ್ನು ಸೋಮವಾರ ಆಫೀಸಿನ ಊಟದ ವಿರಾಮದಲ್ಲಿ ಬರೆಯುವುದು. ಬೆಳಗ್ಗೆ ಚೆಂಬೂರಿನ ಲೋಕಲ್ ರೈಲಿನಲ್ಲಿ ಎರಡು ಕಾಲಿಗೂ ಜಾಗ ಸಿಗುವುದಿಲ್ಲ, ಬರೆಯುವುದೆಲ್ಲಿ ಬಂತು? ಊಟದ ಹೊತ್ತಿಗೆ ಹಿಂದಿನ ದಿನದ ನೆನಪು ಸ್ನಾನ ಮಾಡಿ, ತಲೆ ಬಾಚಿ, ಇಸ್ತ್ರಿ ಅಂಗಿ ತೊಟ್ಟು ಬಂದು ನಿಂತಿರುತ್ತದೆ. ಅದನ್ನು ಹಾಗೇ ಬರೆದುಕೊಳ್ಳುತ್ತೇನೆ.

ಈ ಎಲ್ಲ ಪೀಠಿಕೆ ಒಂದು ತಂಬಿಗೆಯ ಸಲುವಾಗಿ. ತಂಬಿಗೆಗೆ ಮೊದಲು ಜೀಪು, ಜೀಪಿಗೆ ಮೊದಲು ಶೇಖರಣ್ಣ.

ಶೇಖರಣ್ಣ ನಾವಿರುವ ಚಾಳಿನ, ಅಂದರೆ ವಠಾರದ, ಎದುರು ಹೋಟೆಲು ನಡೆಸುವವರು, ಉಡುಪಿಯ ಕಡೆಯವರು. ಮಿಲಿಟರಿಯವರು ಹರಾಜು ಹಾಕಿದ ಒಂದು ಹಳೆಯ ಜೀಪನ್ನು ಅವರು ಬಾಳೆಲೆ, ತೆಂಗಿನಕಾಯಿ ತರುವುದಕ್ಕೆಂದು ಕೊಂಡರು. ಸಮುದ್ರದ ಹಿನ್ನೀರಿನ ಖಾಡಿಗೆ ಹೊಸ ಸೇತುವೆ ಆದ ಮೇಲೆ ಪನ್ವೇಲ್ ಹತ್ತಿರವಾಯಿತು, ಅದರ ಆಚೆಯ ಕೊಂಕಣವೂ ಹತ್ತಿರವಾಯಿತು. ಆಮೇಲೆ ಶೇಖರಣ್ಣನಿಗೆ ಭಾನುವಾರಗಳಲ್ಲಿ ಟೂರಿನ ಹುಚ್ಚು ಹಿಡಿಯಿತು. ಸಮುದ್ರದ ದಂಡೆಗೆ ಹೋಗೋಣವೆಂದರೆ ಒಪ್ಪುವವರಲ್ಲ. "ಸಮುದ್ರ ನೋಡ್ಲಿಕ್ಕೆ ಎಂಥಕ್ಕೆ ಜೀಪು ಮಾರಾಯ್ರೇ? ಎಲ್ಲರೂ ಬಸ್ಸಿನಲ್ಲಿ ಹೋಗಿ ಕಾಲು ಒದ್ದೆ ಮಾಡಿ ಬರ್ತಾರೆ. ನಾವು ಒಳಗೆ ಹೋಗ್ಬೇಕು, ಒಳಗೆ!" ಒಳಗೆ ಎಂದರೆ ಡಾಂಬರು ಮುಗಿದು, ಎತ್ತಿನ ಗಾಡಿಯ ಜಾಡೂ ಮುಗಿದು, ಗದ್ದೆಯ ಬದು, ಒಣಗಿದ ಹಳ್ಳ, ಮುರಕಲ್ಲಿನ ದಿಬ್ಬ. ರಸ್ತೆ ಇರುವ ಕಡೆ ಓಡಿಸಿದರೆ ಜೀಪಿಗೆ ಅವಮಾನವೆಂದು ಅವರ ಸಿದ್ಧಾಂತ. ಪ್ರತಿ ದಿಬ್ಬ ಹತ್ತಿದ ಮೇಲೂ ಗಾಡಿ ನಿಲ್ಲಿಸಿ, ಸೊಂಟಕ್ಕೆ ಕೈಕೊಟ್ಟು ನೋಡಿ, "ನಮ್ಮ ಊರಿನ ಹಾಗೆಯೇ ಉಂಟು" ಎನ್ನುತ್ತಿದ್ದರು. ಊರಿನ ಹಾಗೆಯೇ ಇದ್ದರೆ ಊರಿಗೇ ಹೋಗಬಾರದೇ ಎಂದು ಕೇಳುವಷ್ಟು ಶಕ್ತಿ ನನ್ನಲ್ಲಿ ಉಳಿದಿರುತ್ತಿರಲಿಲ್ಲ.

ನಾನು ದಣಿದ ಮನುಷ್ಯ. ಆರು ದಿನ ಲೋಕಲ್‌ನಲ್ಲಿ ಜನರ ಮೊಣಕೈ ತಿಂದವನಿಗೆ ಏಳನೆಯ ದಿನ ಬೇಕಾದದ್ದು ಒಂದು ಚಾಪೆ, ಒಂದು ದಿಂಬು. ಆದರೆ ಹೆಂಡತಿ ಸುಶೀಲಾಗೂ ಒಂಬತ್ತು ವರ್ಷದ ಮಗಳು ವಿದ್ಯಾಗೂ ಜೀಪೆಂದರೆ ಪ್ರಾಣ. ಶೇಖರಣ್ಣ ಕೆಳಗಿನಿಂದ ಹಾರ್ನ್ ಒತ್ತಿದರೆ ನಾನು ಚಪ್ಪಲಿ ಹುಡುಕುವುದರೊಳಗೆ ಅವರಿಬ್ಬರೂ ಸೀಟಿನಲ್ಲಿರುತ್ತಿದ್ದರು. ಡೈರಿ ಬರೆಯುವವನೆಂಬ ಕಾರಣಕ್ಕೆ ನನಗೆ ದಾರಿ ಬರೆದಿಡುವ ಕೆಲಸ ವಹಿಸಿದ್ದರು. ಹಿಂದಿನ ಸೀಟಿನಲ್ಲಿ, ಸ್ಟೆಪ್ನಿಯ ಪಕ್ಕದಲ್ಲಿ, ತಲೆ ಮೇಲಿನ ಕಂಬಿಗೆ ಬಡಿಯುತ್ತಿರುವಾಗ ಬರೆಯುವುದು ಸಾಧ್ಯವಿಲ್ಲವಾದ್ದರಿಂದ ಅದನ್ನೂ ಸೋಮವಾರಕ್ಕೇ ಬಿಟ್ಟಿದ್ದೆ.

ದೀಪಾವಳಿ ಕಳೆದ ಮೇಲಿನ ಒಂದು ಭಾನುವಾರ ಪೇಣ್ ದಾಟಿ ಬಹಳ ಒಳಗೆ ಹೋಗಿದ್ದೆವು. ಬುತ್ತಿಯ ಜೊತೆ ಸುಶೀಲಾ ಕುಡಿಯುವ ನೀರಿಗೆಂದು ತನ್ನ ತಾಮ್ರದ ತಂಬಿಗೆ ತಂದಿದ್ದಳು. ಮದುವೆಯಲ್ಲಿ ಅವಳ ತಾಯಿ ಕೊಟ್ಟದ್ದು, ಕಂಠದ ಸುತ್ತ "ಚಿ. ಸೌ. ಸುಶೀಲಾ ಇವಳಿಗೆ ತಾಯಿಯ ಆಶೀರ್ವಾದ" ಎಂದು ಹೆಸರು ಕೊರೆಸಿದ್ದರು. ಆ ತಾಯಿ ಈಗಿಲ್ಲ. ಮನೆಯಲ್ಲಿ ಅದು ದೇವರ ಮುಂದೆ ಇರುವ ತಂಬಿಗೆ. ಸಂಜೆ ಮನೆಗೆ ಬಂದು ಚೀಲ ಬಿಚ್ಚಿದರೆ ತಂಬಿಗೆ ಇಲ್ಲ.

"ಏನ್ರೀ, ನಮ್ಮವ್ವನ ತಂಬಿಗಿ ಎಲ್ಲೆ ಅದ?" ಎಂದಳು ಸುಶೀಲಾ.

"ನೀನೇ ಆ ಹಳ್ಳಿಯ ಬಾವಿಕಟ್ಟೆ ಮೇಲೆ ಇಟ್ಟಿದ್ದೆಯಲ್ಲ, ಅಲ್ಲೇ ಮರೆತಿರಬೇಕು" ಎಂದೆ ನಾನು.

ಅವಳು ಹಾಸಿಗೆಯ ಅಂಚಿನ ಮೇಲೆ ಕೂತಳು. "ನಾನ ಮರತು ಬಂದೆನೇನ್ರೀ? ಅವ್ವನ ಒಂದ ಸಾಮಾನ ಉಳದಿತ್ತು" ಎಂದಳು. ಮರುದಿನ ನಾನು ಡೈರಿಯಲ್ಲಿ ಬರೆದೆ: "ಸುಶೀಲಾ ತಂಬಿಗೆಯನ್ನು ಬಾವಿಕಟ್ಟೆಯ ಮೇಲೆ ಮರೆತಳು. ಊರು ಬಿಡುವಾಗ ಮುದುಕಿಯೊಬ್ಬಳು ಜೀಪಿನ ಹಿಂದೆ ಬಹುದೂರ ಓಡಿ ಬಂದು, ಎರಡೂ ಕೈ ಬೀಸಿ ಬೀಳ್ಕೊಟ್ಟಳು. ಈ ಬಡ ಹಳ್ಳಿಗರ ಪ್ರೀತಿ ಎಂಥದು!" ಈ ಕಡೆಯ ವಾಕ್ಯ ನನಗೇ ಎಷ್ಟು ಹಿಡಿಸಿತೆಂದರೆ ಚೆಂಬೂರಿನ ಕನ್ನಡಿಗರ ಒಂದು ಕೂಟದಲ್ಲಿ ಅದನ್ನು ಓದಿ ಚಪ್ಪಾಳೆ ಗಿಟ್ಟಿಸಿದೆ.

ಮುಂದಿನ ನಾಲ್ಕು ತಿಂಗಳು ಸುಶೀಲಾ ತನ್ನ ಮರೆವಿನ ಬಗ್ಗೆ ಹೆದರುತ್ತ ಬದುಕಿದಳು. ಬೀಗ ಹಾಕಿ ಮೂರು ಸಲ ಎಳೆದು ನೋಡುವಳು. ಸ್ಟವ್ ಆರಿಸಿದೆನೇ ಎಂದು ಸ್ಟೇಷನ್ನಿನಿಂದ ತಿರುಗಿ ಬರುವಳು. ಕೊನೆಗೆ ಒಂದು ದಿನ ತಾನೇ ಹೋಟೆಲಿಗೆ ಹೋಗಿ, "ಶೇಖರಣ್ಣ, ಆ ಬಾವಿಗೆ ಇನ್ನೊಂದ ಸಲ ಹೋಗೂಣು" ಎಂದಳು.

"ಅದಕ್ಕೆಂಥ ಅಕ್ಕ, ಈ ಆದಿತ್ಯವಾರವೇ ಹೋಗುವ. ದಾರಿ ಸಾರ್ ಡೈರಿಯಲ್ಲಿ ಉಂಟಲ್ಲ!"

ಡೈರಿಯಲ್ಲಿ ದಾರಿ ಇತ್ತು, ನಿಜ. ಅದರ ಪ್ರಕಾರ ಆಲದ ಮರದ ಬಳಿ ಎಡಕ್ಕೆ ತಿರುಗಿದರೆ ನಾವು ಕಲ್ಲು ಒಡೆಯುವ ಗುಂಡಿಯೊಂದರ ಅಂಚಿನಲ್ಲಿ ನಿಂತಿದ್ದೆವು. "ಸಾರ್, ಇದು ಯಾವ ಜಿಲ್ಲೆಯ ಡೈರಿ?" ಎಂದರು ಶೇಖರಣ್ಣ. ಹಳ್ಳ ದಾಟಿ ಬಲಕ್ಕೆ ಎಂದು ನಾನು ಓದಿದೆ. ಹಳ್ಳದಲ್ಲಿ ಗಾಲಿ ಹೂತಿತು. ಎಲ್ಲರೂ ಇಳಿದು ನೂಕಿದೆವು. ಮಾರ್ಚಿನ ಬಿಸಿಲು, ಕೆಂಪು ಧೂಳು, ಬೆನ್ನಿಗೆ ಅಂಟಿದ ಅಂಗಿ. ಮನೆಯಲ್ಲಿ ಸುತ್ತಿಟ್ಟ ನನ್ನ ಚಾಪೆಯನ್ನು ನೆನೆದು ಕಣ್ಣು ತುಂಬಿ ಬಂತು. ಆದರೆ ಸುಶೀಲಾ ದಣಿಯಲಿಲ್ಲ. ಎದುರು ಸಿಕ್ಕ ದನ ಕಾಯುವವರನ್ನು ಅವಳೇ ತನ್ನ ಬಜಾರಿನ ಮರಾಠಿಯಲ್ಲಿ ಕೇಳಿ ಕೇಳಿ, ಡೈರಿಯನ್ನು ಬದಿಗಿಟ್ಟು, ಮಧ್ಯಾಹ್ನದ ಹೊತ್ತಿಗೆ ನಮ್ಮನ್ನು ಆ ಬಾವಿಗೆ ಮುಟ್ಟಿಸಿದಳು.

ಬಾವಿಯಲ್ಲಿ ನೀರು ಸೇದುತ್ತಿದ್ದ ಹೆಂಗಸರು ತಂಬಿಗೆ ಕಂಡಿಲ್ಲವೆಂದರು. ನನಗೆ ಯಾಕೋ ಸಮಾಧಾನವಾಯಿತು. ಯಾಕೆ ಎಂದು ನನ್ನನ್ನು ನಾನು ಕೇಳಿಕೊಳ್ಳುವಷ್ಟರಲ್ಲಿ ಗದ್ದೆಯಾಚೆಯ ಗುಡಿಸಲಿನಿಂದ ಮುದುಕಿಯೊಬ್ಬಳು ಎರಡೂ ಕೈ ಬೀಸುತ್ತ ಓಡಿ ಬಂದಳು. ಅದೇ ಕೈ, ಅದೇ ಬೀಸು.

ಅಜ್ಜಿಗೆ ಹಲ್ಲಿಲ್ಲ, ಮಾತು ಅಪ್ಪಟ ಕೊಂಕಣದ ಹಳ್ಳಿಯದು. ಸುಶೀಲಾಗೆ ಅರ್ಥವಾಗಲಿಲ್ಲ. ಆದರೆ ವಿದ್ಯಾ ಮುನ್ಸಿಪಲ್ ಶಾಲೆಯಲ್ಲಿ ಮರಾಠಿ ಕಲಿಯುವವಳು. ಅಜ್ಜಿ ಹೇಳಿದ್ದನ್ನೆಲ್ಲ ನಡುವೆ ನಿಂತು, ಪಾಠ ಒಪ್ಪಿಸುವ ಧ್ವನಿಯಲ್ಲಿ, ತನ್ನ ಕಲಬೆರಕೆ ಕನ್ನಡಕ್ಕೆ ತಿರುಗಿಸತೊಡಗಿದಳು.

"ಆಜಿ ಹೇಳ್ತಾಳ, ತಂಬಿಗಿ ವೆಲ್ ಮ್ಯಾಲೆ, ಬಾವಿ ಮ್ಯಾಲೆ ಸಿಕ್ಕೇ ಇಲ್ಲ. ಈ ಸಾಹೇಬ ಅದರಾಗ ನೀರು ತಗೊಂಡು ಆ ಝಾಡಿ ಕೆ ಪೀಛೆ, ಗಿಡದ ಹಿಂದ ಹೋದ."

"ವಿದ್ಯಾ, ಸಾಕು, ಜೀಪು ಹತ್ತು" ಎಂದೆ.

"ರುಕೋ ನಾ ಪಪ್ಪಾ! ಬರೋವಾಗ ಖಾಲಿ ಕೈ ಬಂದ. ಆಜಿ ತಂಬಿಗಿ ತಗೊಂಡು ಓಡಿ ಓಡಿ, ಥಾಂಬಾ ಥಾಂಬಾ, ನಿಲ್ಲಿ ನಿಲ್ಲಿ ಅಂತ ಒದರಿದಳು. ಸಾಹೇಬ ಟಾಟಾ ಮಾಡಿ ಹೋದ."

ಆ ಕ್ಷಣದಲ್ಲಿ ನನಗೆ ಎಲ್ಲ ನೆನಪಾಯಿತು. ನಾಲ್ಕು ತಿಂಗಳು ಅದು ಎಲ್ಲಿತ್ತೋ ಕಾಣೆ. ಆ ಬೆಳಗ್ಗೆ ಪನ್ವೇಲಿನಲ್ಲಿ ತಿಂದ ವಡೆ ಹೊಟ್ಟೆಯಲ್ಲಿ ದಂಗೆ ಎದ್ದಿತ್ತು. ಇಂಥ ಕೆಲಸಕ್ಕೆಂದೇ ಜೀಪಿನಲ್ಲಿ ಒಂದು ತಗಡಿನ ಡಬ್ಬಿ ಇರುತ್ತಿತ್ತು. ಅದನ್ನು ಹಿಡಿದು ಶೇಖರಣ್ಣ ಹೊಗೆಯಾಡುವ ರೇಡಿಯೇಟರಿಗೆ ನೀರು ಹೊಯ್ಯುತ್ತಿದ್ದರು. ಕಾಯುವ ಸ್ಥಿತಿ ನನ್ನದಾಗಿರಲಿಲ್ಲ. ಬಾವಿಕಟ್ಟೆಯ ಮೇಲೆ ತಂಬಿಗೆ ಇತ್ತು, ಸುಶೀಲಾ, ವಿದ್ಯಾ ಗುಡಿಯ ಕಡೆ ಹೋಗಿದ್ದರು. ಕೆಲಸ ಮುಗಿದ ಮೇಲೆ ಪೊದೆಯ ಹಿಂದೆ ಕುಕ್ಕರುಗಾಲಿನಲ್ಲಿ ಕೂತು ಆ ಕೊರೆದ ಅಕ್ಷರಗಳನ್ನು ಓದಿದೆ. ತಾಯಿಯ ಆಶೀರ್ವಾದ! ಇದನ್ನು ಮತ್ತೆ ಬುತ್ತಿಯ ಪಕ್ಕದಲ್ಲಿ ಇಡುವುದು ಹೇಗೆ? ದೇವರ ಮುಂದೆ ಇಡುವುದು ಹೇಗೆ? ನಿಜ ಹೇಳುವುದಂತೂ ಹೇಗೆ? ಹಾರ್ನ್ ಕೇಳಿಸಿತು. ತಂಬಿಗೆಯನ್ನು ಅಲ್ಲೇ ಕಲ್ಲಿನ ಮರೆಗೆ ಸರಿಸಿ ಬಂದೆ. ಜೀಪಿನ ಹಿಂದೆ ಓಡಿ ಬಂದ ಮುದುಕಿಯನ್ನು ಹಿಂದಿನ ಸೀಟಿನಿಂದ ನಾನೊಬ್ಬನೇ ಕಂಡು, ಕೈ ಬೀಸಿಬಿಟ್ಟೆ. ಸೋಮವಾರ ಅದನ್ನು ಬೇರೆ ಥರ ಬರೆದೆ; ಬರೆದದ್ದನ್ನು ನಾನೇ ಓದಿ ನಂಬಿದೆ.

ಅಜ್ಜಿ ದನದ ಕೊಟ್ಟಿಗೆಯಿಂದ ತಂಬಿಗೆ ತಂದಳು. ಬೂದಿ ಹಾಕಿ ತಿಕ್ಕಿಟ್ಟಿದ್ದಳು, ಥಳಥಳ ಹೊಳೆಯುತ್ತಿತ್ತು. ಬಳಸಿರಲಿಲ್ಲ. ವಿದ್ಯಾ ಅದನ್ನೂ ತಿರುಗಿಸಿದಳು: "ಆಜಿ ಹೇಳ್ತಾಳ, ಆ ಕೆಲಸಕ್ಕ ಒಯ್ದ ತಂಬಿಗಿ ಚೂಲಿ ಹತ್ರ, ಒಲಿ ಹತ್ರ ಹೆಂಗ ಇಡೋದು ಅಂತ."

ಶೇಖರಣ್ಣ ಆಕಾಶ ನೋಡುತ್ತ, "ಎಂಥ ಮಾರಾಯ್ರೇ, ಒಂದು ಮಾತು ಹೇಳಿದ್ರೆ ನಾನು ಡಬ್ಬಿ ಕೊಡ್ತಿರ್ಲಿಲ್ವಾ?" ಎಂದರು.

ಸುಶೀಲಾ ಅಜ್ಜಿಯ ಕೈಗೆ ನಮ್ಮ ಬುತ್ತಿಯ ಚಪಾತಿ, ಶೇಂಗಾ ಚಟ್ನಿ ಎಲ್ಲ ಕೊಟ್ಟು, ಅವಳ ಕಾಲು ಮುಟ್ಟಿದಳು. ಜೀಪು ಹತ್ತಿದ ಮೇಲೆ ತಂಬಿಗೆಯನ್ನು ನನ್ನ ತೊಡೆಯ ಮೇಲೆ ಇಟ್ಟಳು. ಚೆಂಬೂರಿನ ತನಕ, ಪ್ರತಿ ಕುಲುಕಿಗೂ ಅದು ನನ್ನ ಗದ್ದಕ್ಕೆ ಬಡಿಯಿತು. ಖಾಡಿ ದಾಟುವಾಗ ಅವಳು ಮೆಲ್ಲಗೆ, "ನಾಕ ತಿಂಗಳು ನನಗ ಅರಳುಮರಳು ಆತೇನೋ ಅಂತ ಅಂಜಿದ್ದೆ" ಎಂದಳು. ಬೈದಿದ್ದರೆ ಚೆನ್ನಾಗಿತ್ತು.

ಮನೆಗೆ ಬಂದವಳೇ ಹಳೆಯ ಡೈರಿ ತೆಗೆಸಿ, ಆ ಪುಟ ಗಟ್ಟಿಯಾಗಿ ಓದಿಸಿ, ಪೆನ್ನು ಕೈಗೆ ಕೊಟ್ಟಳು. "ಸುಶೀಲಾ ಮರೆತಳು" ಎಂಬುದನ್ನು ಹೊಡೆದು "ನಾನು ಬಿಟ್ಟು ಬಂದೆ" ಎಂದು ಬರೆದೆ. ಮುದುಕಿಯ ಪ್ರೀತಿಯ ವಾಕ್ಯವನ್ನೂ ಹೊಡೆಯಹೋದೆ. "ಅದು ಇರ್ಲಿ, ಅದು ಖರೇ ಅದ" ಎಂದಳು.

ತಂಬಿಗೆ ದೇವರ ಮುಂದಕ್ಕೆ ಮರಳಲಿಲ್ಲ. ಹುಣಸೆಹಣ್ಣು ಹಚ್ಚಿ ಬೆಳಗಿ ಬಾಗಿಲ ಸಂದಿಯಲ್ಲಿಟ್ಟು, "ಇದು ಇನ್ನ ನಿಮ್ಮದ. ದಿನಾ ಇದನ್ನ ಒಯ್ಯರಿ" ಎಂದಳು. ನಮ್ಮ ಚಾಳಿನಲ್ಲಿ ಪಾಯಖಾನೆಗಳು ಗ್ಯಾಲರಿಯ ತುದಿಯಲ್ಲಿ, ಎಲ್ಲರಿಗೂ ಸೇರಿ ಮೂರು. ಬೆಳಗಿನ ಸಾಲಿನಲ್ಲಿ ಎಲ್ಲರ ಕೈಯಲ್ಲೂ ಡಾಲ್ಡಾ ಡಬ್ಬಿ, ಪ್ಲಾಸ್ಟಿಕ್ ಮಗ್. ನನ್ನೊಬ್ಬನ ಕೈಯಲ್ಲಿ ಹೆಂಡತಿಯ ಹೆಸರು ಕೊರೆದ, ಫಳಫಳ ಹೊಳೆಯುವ ತಾಮ್ರ. ಮೊದಲ ದಿನವೇ ಪಕ್ಕದ ಮನೆಯವರು, "ಕ್ಯಾ ಸಾಬ್, ತಾಂಬೇ ಕಾ ಲೋಟಾ?" ಎಂದು ಕೇಳಿದರು. ತಾಮ್ರದ ನೀರು ಚರ್ಮಕ್ಕೆ ಒಳ್ಳೆಯದು, ನಮ್ಮ ಪೂರ್ವಜರು ತಿಳಿದವರು ಎಂದು ಸಾಲು ಮುಂದೆ ಸರಿಯುವ ತನಕ ಅವರಿಗೆ ವಿವರಿಸಿದೆ. ಅಂದು ಸೋಮವಾರ. ಊಟದ ವಿರಾಮದಲ್ಲಿ ಡೈರಿ ತೆರೆದು ಬರೆದೆ: "ಆರೋಗ್ಯದ ದೃಷ್ಟಿಯಿಂದ ಇಂದಿನಿಂದ ತಾಮ್ರದ ತಂಬಿಗೆ ಬಳಸಲು ನಿರ್ಧರಿಸಿದ್ದೇನೆ."

ಓದಿ ನೋಡಿದೆ. ವಾಕ್ಯ ಚೆನ್ನಾಗಿಯೇ ಬಂದಿದೆ. ಇನ್ನು ನಾಲ್ಕು ತಿಂಗಳು ಕಳೆದರೆ ನನಗೂ ನಂಬಿಕೆ ಬರಬಹುದು.