ಅಪ್ಪಟ ಲಿಟ್ವಾಕನ ಪಾಸ್‌ಪೋರ್ಟು

ಸೆಲ್ವಿನ್ ವಿಲೆನ್ಸ್ಕಿ ಶಪಥ ಮಾಡಿದ್ದು ಶನಿವಾರ ಬೆಳಿಗ್ಗೆ, ಪ್ರಾರ್ಥನೆ ಮುಗಿದ ಮೇಲೆ, ಯಹೂದಿಗಳ ಪ್ರಾರ್ಥನಾ ಮಂದಿರವಾದ ಸಿನಗಾಗಿನ ಹಿಂದಿನ ಹಜಾರದಲ್ಲಿ. ಬಲಗೈಯಲ್ಲಿ ಉಪ್ಪುಮೀನು ಮೆತ್ತಿದ ಬಿಸ್ಕತ್ತು, ಎಡಗೈಯಲ್ಲಿ ವಿಸ್ಕಿ. ಹೀಗೆ ಎರಡೂ ಕೈ ತುಂಬಿರುವಾಗ ಮನುಷ್ಯ ಶಪಥ ಮಾಡಬಾರದು. ಆದರೆ ಸೆಲ್ವಿನ್‌ಗೆ ಹೇಳುವವರು ಯಾರು?

"ಬರೋ ಪಾಸೋವರ್ ಹಬ್ಬದೊಳಗೆ ನಾನು ಲಿಥುವೇನಿಯಾದ ಪ್ರಜೆ ಆಗ್ದೇ ಇದ್ರೆ ನನ್ನ ಹೆಸರು ವಿಲೆನ್ಸ್ಕಿ ಅಲ್ಲ" ಎಂದ. ಹಜಾರದಲ್ಲಿದ್ದವರು ತಲೆದೂಗಿ ಬಿಸ್ಕತ್ತು ಕಡಿದರು. ಜೋಹಾನ್ಸ್‌ಬರ್ಗಿನಲ್ಲಿ ಆಗ ಇದೊಂದು ಗೀಳು. ತಾತ ಮುತ್ತಾತಂದಿರು ಲಿಥುವೇನಿಯಾ ಬಿಟ್ಟು ಬಂದದ್ದನ್ನು ರುಜುವಾತು ಮಾಡಿ, ಅಲ್ಲಿನ ಪಾಸ್‌ಪೋರ್ಟು ತೆಗೆದುಕೊಳ್ಳುವುದು. ಲಿಥುವೇನಿಯಾ ಮೂಲದ ಯಹೂದಿಗೆ ಲಿಟ್ವಾಕ್ ಎಂದು ಹೆಸರು, ಈ ಊರಿನಲ್ಲಿ ಕಲ್ಲೆಸೆದರೆ ಯಾವನೋ ಒಬ್ಬ ಲಿಟ್ವಾಕನಿಗೇ ತಗಲುತ್ತದೆ. ಆದರೆ ಉಳಿದವರೆಲ್ಲ ಬರೀ ಲಿಟ್ವಾಕರು. ಸೆಲ್ವಿನ್ ವಿಲ್ನಾದ ಲಿಟ್ವಾಕ್! ರಾಜಧಾನಿಯವನು! ಹೆಸರಿನಲ್ಲೇ ವಿಲ್ನಾ ಹೊತ್ತುಕೊಂಡು ತಿರುಗುವವನು!

ನಗಬೇಡಿ. ಜೀವನವಿಡೀ ಹಾಸಿಗೆ ಮಾರಿದವನಿಗೆ ಎದೆಯುಬ್ಬಿಸಿಕೊಳ್ಳಲು ಇದ್ದದ್ದು ಇದೊಂದೇ. ಅಪ್ಪ ಬೇಗ ಹೋಗಿ, ತಾತ ಅವ್ರೊಮ್‌ನ ತೊಡೆಯ ಮೇಲೆ ಬೆಳೆದ ಹುಡುಗ ಅವನು. ತಾತ ಬಿಟ್ಟುಹೋದದ್ದು ಒಂದು ಕತ್ತರಿ ಮತ್ತು "ನಾವು ವಿಲ್ನಾದವರು" ಎಂಬ ಮಾತು. ಕತ್ತರಿಗೆ ತುಕ್ಕು ಹಿಡಿದಿತ್ತು, ಮಾತಿಗೆ ಸೆಲ್ವಿನ್ ದಿನಾ ಎಣ್ಣೆ ಹಾಕುತ್ತಿದ್ದ.

ಈ ಹೆಮ್ಮೆಯ ಬಿಸಿ ಎಲ್ಲರಿಗಿಂತ ಹೆಚ್ಚು ತಾಗುತ್ತಿದ್ದುದು ಗೆಳೆಯ ಹೆಶೆಲ್‌ಗೆ. ಹೆಶೆಲ್‌ನ ಕಡೆಯವರು ಪೋಲಂಡಿನಿಂದ ಬಂದವರು. ಪೋಲಂಡಿನವರು ಮೀನಿಗೆ ಸಕ್ಕರೆ ಹಾಕುತ್ತಾರೆ, ಲಿಟ್ವಾಕರು ಮೆಣಸು ಹಾಕುತ್ತಾರೆ. ಇದು ಅಡುಗೆಯ ವಿಷಯ ಎಂದು ನೀವು ತಿಳಿದರೆ ಅದು ನಿಮ್ಮ ಮುಗ್ಧತೆ. ಹೆಶೆಲ್‌ನ ಮನೆ ಊಟಕ್ಕೆ ಹೋದಾಗಲೆಲ್ಲ ಸೆಲ್ವಿನ್ ಮೀನನ್ನು ತಟ್ಟೆಯ ಅಂಚಿಗೆ ತಳ್ಳಿ, ಇದನ್ನು ಊಟದ ಕೊನೆಗೆ ಪಾಯಸದ ಜೊತೆ ತಿನ್ನುತ್ತೇನೆ ಎನ್ನುತ್ತಿದ್ದ. ಪೋಲಂಡಿನವ ಎಂಬ ಪದ ಅವನ ಬಾಯಲ್ಲಿ ಪೋಲಿ ಎಂದಷ್ಟೇ ಗೌರವದಿಂದ ಹೊರಬೀಳುತ್ತಿತ್ತು.

ಇನ್ನು ಹೆಂಡತಿ ರೋಶೆಲ್. ಅವಳ ಅಜ್ಜಿ, ಅಂದರೆ ಇವರ ಭಾಷೆಯಲ್ಲಿ ಬೊಬ್ಬಾ, ಮಿರ್ಕೆ. ಬೊಬ್ಬಾ ಮಿರ್ಕೆ ಹೆಸರಿಗೆ ತಕ್ಕಂತೆ ಬೀದಿಗೆಲ್ಲ ಕೇಳುವ ಹಾಗೆ ಬೊಬ್ಬೆ ಹೊಡೆಯುತ್ತಿದ್ದಳಂತೆ. ತಾನು ಹುಟ್ಟಿದ್ದು ಸಾದೆವೆ ಎಂಬ ಊರಲ್ಲಿ, ಅಲ್ಲಿ ಕೆಸರು ಮೊಣಕಾಲಿನವರೆಗೆ ಬರುತ್ತಿತ್ತು ಎಂದಷ್ಟೇ ಮೊಮ್ಮಗಳಿಗೆ ಹೇಳಿದ್ದಳು. ಸೆಲ್ವಿನ್ ಭೂತಗನ್ನಡಿ ಹಿಡಿದು ಲಿಥುವೇನಿಯಾದ ಭೂಪಟವನ್ನು ಜಾಲಾಡಿ, ಸಾದೆವೆ ಎಂಬ ಊರು ಇಲ್ಲ, ಇರಲಿಲ್ಲ, ನಿಮ್ಮ ಅಜ್ಜಿ ಆಕಾಶದಿಂದ ಬಿದ್ದಿರಬೇಕು ಎಂದು ತೀರ್ಪು ಕೊಟ್ಟಿದ್ದ.

"ಕೆಸರಂತೂ ಇತ್ತಲ್ಲ, ಬಿದ್ರೂ ಪೆಟ್ಟಾಗಿರಲ್ಲ ಬಿಡು" ಎಂದು ರೋಶೆಲ್ ಪಾತ್ರೆ ತೊಳೆಯಲು ಹೋಗಿದ್ದಳು.

ಶಪಥವಾಯಿತು, ತಯಾರಿ ಬೇಡವೇ? ಸೆಲ್ವಿನ್ ವಿಲ್ನಿಯಸ್ಸಿನಲ್ಲಿ, ವಿಲ್ನಾದ ಈಗಿನ ಹೆಸರು ಅದು, ಅಸ್ತಾ ಎಂಬ ವಕೀಲೆಯನ್ನು ಹಿಡಿದ. ತಾತನ ಹೆಸರು, ಊರು ಎಲ್ಲ ಕೊಟ್ಟು, ಆ ಕಡೆಯ ಕೆಲಸ ಅವಳಿಗೆ ಬಿಟ್ಟು, ಈ ಕಡೆ ತಾನು ಲಿಥುವೇನಿಯಾದವನಾಗುವ ಕೆಲಸಕ್ಕೆ ಇಳಿದ. ಭಾಷೆ ಕಲಿಯತೊಡಗಿದ. ನಾಯಿಗೆ ಲಿಥುವೇನಿಯನ್ ಭಾಷೆಯಲ್ಲೇ ಕೂರು ಎಂದ, ಅದು ಎದ್ದು ಹೊರಗೆ ಹೋಯಿತು. ಬೀಟ್‌ರೂಟು ಮಜ್ಜಿಗೆ ಕಲಸಿದ ಗುಲಾಬಿ ಬಣ್ಣದ ತಣ್ಣನೆ ಸೂಪನ್ನು ಜೂನ್ ತಿಂಗಳ ಚಳಿಯಲ್ಲಿ ದಿನವೂ ಕುಡಿದು ಗಂಟಲು ಕಟ್ಟಿಸಿಕೊಂಡ. ಕೊನೆಗೆ ಹಳದಿ, ಹಸಿರು, ಕೆಂಪು ಪಟ್ಟೆಗಳ ಬಾವುಟ ಹೊಲಿಸಿ ಮನೆಯ ಗೇಟಿನ ಮೇಲೆ ಹಾರಿಸಿದ.

ಮಾರನೆಯ ದಿನವೇ ಗೇಟಿನ ಗಂಟೆ ಬಾರಿಸಿತು. ಉದ್ದ ಜಟೆಯ ಇಬ್ಬರು ಗಂಡಸರು ಎದೆಯ ಮೇಲೆ ಕೈಯಿಟ್ಟು ನಮಸ್ಕರಿಸಿದರು. ಆಫ್ರಿಕಾದಲ್ಲಿ ಆ ಮೂರು ಬಣ್ಣ ಈ ಜಟಾಧಾರಿ ಪಂಥದವರದೆಂದು ಸೆಲ್ವಿನ್‌ಗೆ ಹೊಳೆದಿರಲಿಲ್ಲ. ಅವರು ತುಂಬಾ ವಿನಯದಿಂದ, ಹಿರಿಯರೇ, ಮಾಲು ಒಳ್ಳೆಯದಿದೆಯೇ ಎಂದು ಕೇಳಿದರು. ಹಾಸಿಗೆ ವ್ಯಾಪಾರಿ ತಾನೆ, ಇವನು ತನ್ನ ಮಾಲಿನ ಮೇಲೆ ಮಲಗಿದರೆ ಬೆಳಗಾದದ್ದೇ ಗೊತ್ತಾಗುವುದಿಲ್ಲ ಎಂದು ಭರವಸೆ ಕೊಟ್ಟ. ಅವರಿಗೆ ಆನಂದವೋ ಆನಂದ. ಇದು ಅವರ ಪಂಥ ಪ್ರಸಾದದಂತೆ ಸೇದುವ ಗಾಂಜಾದ ಮಾತು ಎಂದು ಇವನಿಗೆ ಅರ್ಥವಾಗುವಷ್ಟರಲ್ಲಿ ಎದುರುಮನೆಯಾಕೆ ಕಾವಲು ಕಂಪನಿಗೆ ಫೋನ್ ಮಾಡಿ, ಬೀದಿಗೆ ಬಂದೂಕಿನ ಜೀಪು ಬಂದಾಗಿತ್ತು.

"ಹಾಸಿಗೆ ಅಂಗಡಿಯಲ್ಲಿ ಒಂದು ಗಿರಾಕಿಗೂ ನೀನು ಇಷ್ಟು ಚೆನ್ನಾಗಿ ಮಾತಾಡಿದ್ದು ನಾ ಕಾಣೆ" ಎಂದಳು ರೋಶೆಲ್, ಬಾವುಟ ಮಡಚುತ್ತ.

ಇಷ್ಟಕ್ಕೆ ಬಗ್ಗುವ ಜೀವವೇ ಅದು? ಅಸ್ತಾ ತನ್ನ ವಿಚಾರಣೆ ಮುಗಿದಿದೆ, ಮಾತಾಡೋಣ ಎಂದು ತಿಳಿಸಿದ ಕೂಡಲೇ ಸೆಲ್ವಿನ್ ಒಂದು ಭಾನುವಾರ ಮಧ್ಯಾಹ್ನದ ಊಟಕ್ಕೆ ಸಿನಗಾಗಿನ ಅರ್ಧ ಜನರನ್ನು ಕರೆದ. ಹೆಶೆಲ್‌ಗೆ ಎದುರಿನ ಕುರ್ಚಿ. ಮೆಣಸಿನ ಮೀನು ಮೇಜಿನ ನಟ್ಟನಡುವೆ. ಕರೆಂಟು ಹೋಗುವ ಹೊತ್ತನ್ನು ತಪ್ಪಿಸಿ, ಅಸ್ತಾಳ ಮುಖ ಟೀವಿಯ ದೊಡ್ಡ ಪರದೆಯ ಮೇಲೆ ಬರುವಂತೆ ಏರ್ಪಾಟು ಮಾಡಿದ. ನಾವಿಬ್ಬರೇ ಮಾತಾಡೋಣವೇ ಎಂದು ಆಕೆ ಮೆಲ್ಲಗೆ ಕೇಳಿದಳು. ಬುದ್ಧಿವಂತನಿಗೆ ಅಷ್ಟು ಸಾಕಿತ್ತು. ಸೆಲ್ವಿನ್ ಮಾತ್ರ, ಇವರೆಲ್ಲ ನಮ್ಮವರೇ, ಹೇಳಮ್ಮ, ಜೋರಾಗಿ ಹೇಳು ಎಂದ.

"ನಿಮ್ಮ ತಾತ ವಿಲ್ನಾದವರೇ, ಸಂಶಯವಿಲ್ಲ" ಎಂದಳು ಅಸ್ತಾ. ಸೆಲ್ವಿನ್ ಹೆಶೆಲ್‌ನ ಕಡೆ ನೋಡಿ ಹುಬ್ಬು ಹಾರಿಸಿದ. "ಅವರು ಊರು ಬಿಟ್ಟಿದ್ದು ಸಾವಿರದ ಒಂಬೈನೂರ ಇಪ್ಪತ್ತೇಳರಲ್ಲಿ. ಆಗ ವಿಲ್ನಾ ಪೋಲಂಡಿನ ಕೈಯಲ್ಲಿತ್ತು, ಸರ್. ಎರಡು ಯುದ್ಧಗಳ ನಡುವೆ ಹಾಗೇ ಇತ್ತು. ಅವರು ಬಂದದ್ದು ಪೋಲಂಡಿನ ಪ್ರಜೆಯಾಗಿ, ಪೋಲಂಡಿನ ಪಾಸ್‌ಪೋರ್ಟಿನಲ್ಲಿ. ನಮ್ಮ ಕಾನೂನಿನ ಪ್ರಕಾರ ನಿಮಗೆ ಹಕ್ಕು ಬರೋದಿಲ್ಲ. ಬೇಕಾದ್ರೆ ಪೋಲಂಡನ್ನ ಕೇಳಿ ನೋಡಬಹುದು."

ಸೆಲ್ವಿನ್‌ನ ಮುಖ ಇಂಗು ತಿಂದ ಮಂಗನ ಹಾಗಾಯಿತು. ಹೆಶೆಲ್ ಮೆಲ್ಲಗೆ ಎದ್ದ. ಮೇಜನ್ನು ಸುತ್ತಿ ಬಂದು, ಸೆಲ್ವಿನ್‌ನನ್ನು ಎರಡೂ ತೋಳುಗಳಿಂದ ತಬ್ಬಿಕೊಂಡ.

"ಬಾ ತಮ್ಮಾ" ಎಂದ. "ಎಷ್ಟು ವರ್ಷ ದೂರ ಇದ್ದುಬಿಟ್ಟೆ. ರೋಶೆಲ್, ಸ್ವಲ್ಪ ಸಕ್ಕರೆ ಡಬ್ಬಿ ಈ ಕಡೆ ಕೊಡಮ್ಮ."

ನಗು ಅಂದರೆ ನಗು! ಒಬ್ಬರಿಗೆ ಮೀನಿನ ಮುಳ್ಳು ಸಿಕ್ಕಿ ಬೆನ್ನು ಗುದ್ದಬೇಕಾಯಿತು. ರೋಶೆಲ್ ಮಾತ್ರ ಸಕ್ಕರೆ ಕೊಡಲಿಲ್ಲ. ಒಗ್ಗರಣೆ ಸೌಟು ಕೈಯಲ್ಲಿ ಹಿಡಿದವಳ ಹಾಗೆ ದೊಡ್ಡ ಚಮಚ ಹಿಡಿದೇ ಟೀವಿಯ ಮುಂದೆ ನಿಂತು, ನನ್ನದೂ ಒಂದು ಪ್ರಶ್ನೆ, ಸಾದೆವೆ ಎಂಬ ಊರು ನಿಮ್ಮಲ್ಲಿ ಇದೆಯೇ ಎಂದಳು. ಅಸ್ತಾ ಯೋಚಿಸಿ ಇಲ್ಲವೆಂದಳು. ಸೆಲ್ವಿನ್‌ಗೆ ಅರೆ ಜೀವ ಬಂತು, ನಾನು ಹೇಳಿರಲಿಲ್ಲವೇ ಎಂದು ಗೊಣಗಿದ.

"ಒಂದ್ನಿಮಿಷ ತಡೀರಿ" ಎಂದಳು ರೋಶೆಲ್. "ನಮ್ಮಜ್ಜಿಗೆ ಶ ಹೊರಡ್ತಿರ್ಲಿಲ್ಲ. ಶನಿವಾರದ ಶಬ್ಬೆಸ್‌ಗೆ ಸಬ್ಬೆಸ್ ಅಂತಿದ್ಲು. ನಮ್ಮಪ್ಪನ ಹೆಸರು ಶೋಲೆಮ್, ಅಳಿಯನ್ನ ಸಾಯೋತನಕ ಸೋಲೆಮ್ ಅಂತ್ಲೇ ಕರೆದ್ಲು. ಸಾದೆವೆ ಅಲ್ಲ, ಶಾದೆವೆ ಇರಬಹುದಾ?"

ಅಸ್ತಾಳ ಮುಖ ಅರಳಿತು. "ಶೆದುವಾ! ಹಳೇ ಯಹೂದಿಗಳು ಅದನ್ನ ಶಾದೆವೆ ಅಂತಿದ್ರು. ಅದು ಯಾವಾಗ್ಲೂ ಲಿಥುವೇನಿಯಾದಲ್ಲೇ ಇತ್ತಮ್ಮ. ನಿಮ್ಮಜ್ಜಿ ಯಾವಾಗ ಬಿಟ್ರು?"

ಇಪ್ಪತ್ತೊಂಬತ್ತರಲ್ಲಿ, ಹಡಗಿನಲ್ಲಿ ಎಂದಳು ರೋಶೆಲ್. ಹಾಗಾದರೆ ನಿಮ್ಮದು ಆಗಿಯೇ ಆಗುತ್ತದೆ ಎಂದಳು ಅಸ್ತಾ. ಶ ಬಾರದ ನಾಲಿಗೆಯೇ ಅಪ್ಪಟ ಲಿಟ್ವಾಕನ ಗುರುತು, ಈ ಜೋಕನ್ನು ಇಷ್ಟು ವರ್ಷ ನಮಗೆಲ್ಲ ಹೇಳಿಕೊಂಡು ಬಂದವನೇ ನೀನಲ್ಲವೇ ಎಂದು ಹೆಶೆಲ್ ಸೆಲ್ವಿನ್‌ಗೆ ನೆನಪಿಸಿದ. ಅಷ್ಟರಲ್ಲಿ ಹೊತ್ತಲ್ಲದ ಹೊತ್ತಿನಲ್ಲಿ ಕರೆಂಟು ಹೋಗಿ ಪರದೆ ಆರಿತು. ಆ ದಿನ ಸೆಲ್ವಿನ್‌ಗೆ ಸಿಕ್ಕ ಏಕೈಕ ಉಪಕಾರ ಅದು.

ಅತಿಥಿಗಳು ಹೋದ ಮೇಲೆ ಅವನು ಅಡುಗೆಮನೆಯಲ್ಲಿ ತಟ್ಟೆ ಒರೆಸುತ್ತ ನಿಂತ. ಒರೆಸಿದ ತಟ್ಟೆಯನ್ನೇ ಮತ್ತೆ ಮತ್ತೆ ಒರೆಸಿದ. ನಾಚಿಕೆ ಅಷ್ಟಾಗಿ ಕಾಡಲಿಲ್ಲ. ಕಾಡಿದ್ದು ಬೇರೆ.

"ಹಾಗಾದ್ರೆ ತಾತ ನನಗೆ ಸುಳ್ಳು ಹೇಳಿದ್ನಾ?" ಎಂದ.

ರೋಶೆಲ್ ನಲ್ಲಿ ನಿಲ್ಲಿಸಿದಳು. "ತಾತ ಲಿಥುವೇನಿಯಾ ಅಂದನಾ? ವಿಲ್ನಾ ಅಂದ. ವಿಲ್ನಾ ಎಲ್ಲೂ ಹೋಗಿರಲಿಲ್ಲ. ದೇಶಗಳು ಅದರ ಮೇಲೆ ಆಚೆ ಈಚೆ ಓಡಾಡ್ತಿದ್ವು. ಅದಕ್ಕೆ ಪಾಪ ಅವನೇನು ಮಾಡ್ತಾನೆ?" ಎಂದು ಅವನ ಕೈಯಿಂದ ತಟ್ಟೆ ಕಿತ್ತುಕೊಂಡಳು. "ನನ್ನದು ಬರಲಿ. ಹೋಗಿ ತಾತನ ಬೀದಿ ನೋಡ್ಕೊಂಡು ಬರೋಣ."

ಸೆಲ್ವಿನ್‌ನ ಕಣ್ಣು ತುಂಬಿತು. ನಲವತ್ತು ವರ್ಷದಲ್ಲಿ ಮೊದಲ ಸಲ ಅವನು ಹೆಂಡತಿಯ ಮಾತನ್ನು ಒಪ್ಪಿ ತಲೆಯಾಡಿಸಿದ.

ಪಾಸೋವರ್ ಬಂತು, ಹೋಯಿತು. ಆಮೇಲೆ ಒಂದು ದಿನ ರೋಶೆಲ್‌ನ ಪಾಸ್‌ಪೋರ್ಟು ಬಂತು. ಸೆಲ್ವಿನ್ ತನ್ನ ಹಸಿರು ದಕ್ಷಿಣ ಆಫ್ರಿಕಾದ ಪಾಸ್‌ಪೋರ್ಟಿಗೆ ವೀಸಾ ಹಾಕಿಸಿಕೊಂಡ. ಇಸ್ತಾಂಬುಲ್‌ನಲ್ಲಿ ವಿಮಾನ ಬದಲಿಸುವವರೆಗೂ, ಬದಲಿಸಿದ ಮೇಲೂ ಅವನು ತುಟಿ ಅಲ್ಲಾಡಿಸುತ್ತ ಒಂದೇ ವಾಕ್ಯವನ್ನು ಗಟ್ಟಿ ಮಾಡುತ್ತಿದ್ದ. ತಾತನ ಊರಿನ ನೆಲದಲ್ಲಿ ಮೊದಲ ಮಾತು ಅಲ್ಲಿಯ ಭಾಷೆಯಲ್ಲೇ ಆಡಬೇಕು, ಆಡಿದರೆ ತಾತನಿಗೆ ಮುಟ್ಟುತ್ತದೆ. ಪಾಸ್‌ಪೋರ್ಟು ಸಿಗದಿದ್ದರೆ ಬೇಡ, ಅವ್ರೊಮ್‌ನ ಮೊಮ್ಮಗ ಮನೆಗೆ ಬಂದ ಎಂದು ಆ ಊರಿನ ಒಬ್ಬರಾದರೂ ಒಪ್ಪಿಕೊಂಡರೆ ಸಾಕು.

ವಿಲ್ನಿಯಸ್ಸಿನ ವಿಮಾನ ನಿಲ್ದಾಣದಲ್ಲಿ ಪ್ರಜೆಗಳ ಸಾಲು ಚಿಕ್ಕದಾಗಿತ್ತು. ಹೆಂಡತಿ ಪ್ರಜೆಯಾದ್ದರಿಂದ ಗಂಡನೂ ಜೊತೆಗೆ ನಿಲ್ಲಬಹುದಿತ್ತು. ಗಾಜಿನ ಹಿಂದೆ ಕೂತಿದ್ದ ಹೆಂಗಸು ರೋಶೆಲ್‌ನ ಪಾಸ್‌ಪೋರ್ಟು ನೋಡಿ ನಕ್ಕು ವಾಪಸು ಕೊಟ್ಟಳು. ಸೆಲ್ವಿನ್ ಕೋಟಿನ ಗುಂಡಿ ಹಾಕಿಕೊಂಡು ಮುಂದೆ ಬಂದ. ಗಂಟಲು ಸರಿಪಡಿಸಿಕೊಂಡು, ಈ ಊರು ನನ್ನ ತಾತನದು, ನಾನು ಮನೆಗೆ ಬಂದಿದ್ದೇನೆ ಎಂದು ಒಂದಕ್ಷರ ಬಿಡದೆ ಲಿಥುವೇನಿಯನ್ ಭಾಷೆಯಲ್ಲಿ ಹೇಳಿಯೇಬಿಟ್ಟ.

ಆ ಹೆಂಗಸು ಕೈಯಲ್ಲಿದ್ದ ಮೊಹರು ಕೆಳಗಿಟ್ಟು ಪೂರ್ತಿ ಕೇಳಿಸಿಕೊಂಡಳು. ಅವಳಿಗೆ ನಿಜವಾಗಿಯೂ ಸಂತೋಷವಾಗಿತ್ತು.

"ನಿಮ್ಮನೆಯವ್ರು ಎಷ್ಟು ಚೆನ್ನಾಗಿ ಮಾತಾಡ್ತಾರೆ" ಎಂದಳು ರೋಶೆಲ್‌ಗೆ, ಇಂಗ್ಲಿಷಿನಲ್ಲಿ. "ಪೋಲಂಡಿನವರಾ?"

ಸೆಲ್ವಿನ್ ಬಾಯಿ ತೆರೆಯುವಷ್ಟರಲ್ಲಿ ರೋಶೆಲ್ ಗಂಡನ ತೋಳು ಹಿಡಿದುಕೊಂಡಳು.

"ಹೌದಮ್ಮ" ಎಂದಳು. "ಆದ್ರೂ ಒಳ್ಳೇವ್ರು. ಒಳಗೆ ಬಿಡಿ, ನಾನಿದ್ದೀನಿ."