ಎರಡನೇ ಸಲ ಕೇಳದ ಊರಿನ ಮ್ಯಾಂಡೊಲಿನ್

ನನಗೆ "ಬೇಕು" ಎಂದು ಹೇಳಲು ಬರುವುದಿಲ್ಲ. ಇದು ಕಾಯಿಲೆಯಲ್ಲ, ಸಂಸ್ಕಾರ ಎಂದು ನಮ್ಮ ಕಡೆಯವರು ಹೇಳುತ್ತಾರೆ. ಚಿಕ್ಕಂದಿನಲ್ಲಿ ಬೆಳ್ತಂಗಡಿಯ ದೊಡ್ಡಮ್ಮನ ಮನೆಗೆ ಹೊರಟಾಗಲೆಲ್ಲ ಅಮ್ಮ ನನ್ನ ತಲೆ ಬಾಚುತ್ತಲೇ ಪಾಠ ಮಾಡುತ್ತಿದ್ದಳು: "ತಿಂಡಿ ಕೊಟ್ಟ ಕೂಡಲೇ ಕೈ ಚಾಚಬೇಡ. ಮೊದಲು ಬೇಡ ಅನ್ನು. ಇನ್ನೊಮ್ಮೆ ಹೇಳಿದರೂ ಬೇಡ ಅನ್ನು. ಮತ್ತೂ ಹೇಳಿದರೆ ತಕ್ಕೊ." ದೊಡ್ಡಮ್ಮನಿಗೂ ಈ ಕ್ರಮ ಗೊತ್ತಿದ್ದುದರಿಂದ ಯಾರೂ ಹಸಿದುಕೊಂಡು ಹಿಂದಿರುಗಲಿಲ್ಲ. ಒತ್ತಾಯವಿಲ್ಲದ ಊಟವನ್ನು ನಾವು ಊಟವೆಂದೇ ಒಪ್ಪುವುದಿಲ್ಲ. ಊಟದ ಮಾತು ಬಿಡಿ, ಮೂಡುಬಿದಿರೆಯ ಬಸ್‌ಸ್ಟ್ಯಾಂಡಿನಲ್ಲಿ ಸುಮ್ಮನೆ ನಿಂತವರನ್ನೂ ಕಂಡಕ್ಟರು "ಬನ್ನಿ ಬನ್ನಿ, ಹಿಂದೆ ಸೀಟ್ ಉಂಟು" ಎಂದು ಹತ್ತಿಸಿಕೊಳ್ಳುತ್ತಾರೆ. ಮಲ್ಲಿಗೆ ಕೊಳ್ಳಲು ನಿಂತಿದ್ದ ನಾನು ಒಮ್ಮೆ ಹಾಗೆಯೇ ಬೆಳ್ತಂಗಡಿಯವರೆಗೆ ಹೋಗಿ ಬಂದದ್ದುಂಟು.

ಇಂಥ ನಾನು ಗಲ್ಫಿಗೆ ಹೋಗಿ, ಒಂದು ಎಣ್ಣೆ ಕಂಪೆನಿಯ ಕ್ಯಾಂಪಿನಲ್ಲಿ ಅಡುಗೆಮನೆ ನೋಡಿಕೊಳ್ಳುತ್ತಿದ್ದೆ. ಅಲ್ಲಿ ವಾಲ್ಟರ್ ಎಂಬ ಅಮೆರಿಕದವನೊಬ್ಬ ಕ್ರೇನ್ ಮೆಕ್ಯಾನಿಕ್. ಸಂಜೆಯಾದರೆ ಮೆಟ್ಟಿಲ ಮೇಲೆ ಕೂತು ಮ್ಯಾಂಡೊಲಿನ್ ನುಡಿಸುತ್ತಿದ್ದ. ಅದು ಅವರ ಬೆಟ್ಟದ ಊರುಗಳ ಸಂಗೀತವಂತೆ, ಬ್ಲೂಗ್ರಾಸ್ ಎಂದು ಹೆಸರು. ಆ ಹೆಸರಿಗೆ ನೀಲಿ ಹುಲ್ಲು ಎಂದು ಅರ್ಥ ಬರುತ್ತದೆಂದು ಫೋನಿನಲ್ಲಿ ಹೆಂಡತಿ ಸುಗುಣಳಿಗೆ ವಿವರಿಸಿದಾಗ, "ಹುಲ್ಲು ನೋಡ್ಲಿಕ್ಕೆ ಅಷ್ಟು ದೂರ ಹೋಗ್ಬೇಕಿತ್ತಾ ಮಾರಾಯ್ರೆ? ನಮ್ಮ ದನದ ಹಟ್ಟಿಯ ಹಿಂದೆ ಬೇಕಾದಷ್ಟು ಉಂಟು" ಅಂದಳು. ನಾನು ದಿನಾ ಆ ಮೆಟ್ಟಿಲ ಹತ್ತಿರ ಸುಳಿದಾಡುವುದನ್ನು ಕಂಡು ವಾಲ್ಟರ್ ಒಂದು ಸಂಜೆ ಏನೂ ಕೇಳದೆ ವಾದ್ಯವನ್ನು ನನ್ನ ತೊಡೆಯ ಮೇಲಿಟ್ಟ. ಪುಣ್ಯಕ್ಕೆ ಕೇಳಲಿಲ್ಲ; ಕೇಳಿದ್ದರೆ ಬೇಡ ಅನ್ನುತ್ತಿದ್ದೆ. ಜೋಡಿ ಜೋಡಿಯಾಗಿ ಎಂಟು ತಂತಿ. ಒಂದನ್ನು ಶ್ರುತಿಗೆ ತರುವಷ್ಟರಲ್ಲಿ ಅದರ ಜೊತೆಯದು ಮುನಿಸಿಕೊಂಡಿರುತ್ತದೆ. ಆದರೂ ಕಲಿತೆ. ಸುಳ್ಳೇಕೆ ಹೇಳಲಿ, ಚೆನ್ನಾಗಿಯೇ ಕಲಿತೆ. ರಾಶಿ ರಾಶಿ ಈರುಳ್ಳಿ ಹೆಚ್ಚಿದ ಕೈಗೆ ವೇಗ ಹೇಳಿಕೊಡಬೇಕಾಗಿರಲಿಲ್ಲ.

ಪ್ರತಿ ಚಳಿಗಾಲದಲ್ಲಿ ಅಲ್ಲಿನ ಅಮೆರಿಕದವರೆಲ್ಲ ಕ್ಯಾಂಪಿನ ಹಿಂದಿನ ಮೈದಾನದಲ್ಲಿ ಸೇರಿ ಬ್ಲೂಗ್ರಾಸ್ ಹಬ್ಬ ಮಾಡುತ್ತಿದ್ದರು. ವೇದಿಕೆಯಿಲ್ಲ, ದೀಪ ಬೆಳಗಿಸುವವರಿಲ್ಲ, ಶಾಲು ಹೊದಿಸುವವರಿಲ್ಲ, ಸ್ವಾಗತ ಭಾಷಣವಂತೂ ಇಲ್ಲವೇ ಇಲ್ಲ. ಕುರ್ಚಿಗಳನ್ನು ಸುತ್ತ ಹಾಕಿಕೊಂಡು ಕೂರುವುದು, ಒಬ್ಬ ಹಾಡು ಎತ್ತಿಕೊಳ್ಳುವುದು, ಹಾಡಿನ ನಡುವೆ ಒಬ್ಬೊಬ್ಬರಿಗೂ ಒಂದು ಸರದಿ. ಸರದಿ ಬಂದವನು ಮುಂದಾಗಿ ನುಡಿಸಬೇಕು, ಮಿಕ್ಕವರು ಮೆಲ್ಲಗೆ ತಾಳ ಹಿಡಿಯಬೇಕು. ಮ್ಯಾಂಡೊಲಿನಿನವನ ತಾಳವೆಂದರೆ ತಂತಿಗಳನ್ನು ಅದುಮಿ 'ಚಕ್, ಚಕ್' ಅನಿಸುವುದು. ಮೊದಲ ವರ್ಷ ವಾಲ್ಟರ್ ತನ್ನ ಎರಡು ಮ್ಯಾಂಡೊಲಿನ್‌ಗಳಲ್ಲಿ ಒಂದನ್ನು ನನ್ನ ಕೈಗಿತ್ತಿದ್ದ. ಸರದಿ ಸುತ್ತಿ ಬಂದಾಗ ನನ್ನ ಕಡೆ ನೋಡಿ "ನೀನು ನುಡಿಸ್ತೀಯಾ?" ಎಂದ. ಆ ಒಂದು ಸರದಿಗಾಗಿ ಇಡೀ ವರ್ಷ ತಯಾರಿ ನಡೆಸಿದ್ದೆ. ಕೈ ನನ್ನದಾದರೂ ಬಾಯಿ ಅಮ್ಮನದು. "ಬೇಡ ಬೇಡ, ನೀವು ನುಡಿಸಿ" ಎಂದು ಹೇಳಿ, ಮುಂದಿನ ಒತ್ತಾಯಕ್ಕೆ ಬೇಕಾದ ವಿನಯವನ್ನು ಮುಖದಲ್ಲಿ ಸಿದ್ಧಪಡಿಸಿಕೊಂಡು ಕೂತೆ. ವಾಲ್ಟರ್ "ಸರಿ" ಎಂದು ಪಕ್ಕದ ಬ್ಯಾಂಜೋದವನ ಕಡೆ ತಿರುಗಿದ. ಬ್ಯಾಂಜೋದವನಿಗೆ ನಾಚಿಕೆ ಎಂಬುದೇ ಇಲ್ಲ, ಕೇಳಿದ್ದೇ ತಡ ನುಡಿಸಿಬಿಟ್ಟ. ನಾನು ಚಕ್, ಚಕ್ ಅನ್ನುತ್ತಾ ಕೂತೆ.

ಮರುವರ್ಷವೂ ಅದೇ, ಅದರ ಮರುವರ್ಷವೂ ಅದೇ. ನನ್ನ ನುಡಿಸಾಣಿಕೆ ಇವರಿಗೆ ಹಿಡಿಸಿಲ್ಲ, ಶಾಸ್ತ್ರಕ್ಕೆ ಒಂದು ಮಾತು ಕೇಳುತ್ತಾರೆ ಎಂದು ಒಳಗೊಳಗೇ ಉರಿದುಕೊಂಡೆ. ಒಂದೆರಡು ಸಲ ವಾಲ್ಟರ್‌ನ ತಟ್ಟೆಗೆ ಬರೀ ಎಲುಬಿನ ಕೋಳಿ ತುಂಡುಗಳನ್ನು ಬಡಿಸಿ ಸೇಡು ತೀರಿಸಿಕೊಂಡದ್ದೂ ಉಂಟು. ಪಾಪ, ಅವನು ಅದನ್ನೂ ಚಪ್ಪರಿಸಿ ತಿಂದ. ಕೊನೆಗೆ ಅವನು ನಿವೃತ್ತನಾಗಿ ಊರಿಗೆ ಹೊರಟ ದಿನ ಅಡುಗೆಮನೆಗೆ ಬಂದು, ಈ ಸಲವೂ ಏನೂ ಕೇಳದೆ, ನಾನು ನುಡಿಸುತ್ತಿದ್ದ ಮ್ಯಾಂಡೊಲಿನನ್ನು ನನ್ನ ಮೇಜಿನ ಮೇಲಿಟ್ಟ. "ನಾನು ಕಲಿಸಿದವರಲ್ಲಿ ನಿನ್ನಷ್ಟು ಚೆನ್ನಾಗಿ ನುಡಿಸುವವರು ಯಾರೂ ಇಲ್ಲ. ನಿನಗೆ ಜನರ ಮುಂದೆ ನುಡಿಸುವುದು ಇಷ್ಟವಿಲ್ಲ, ಅದಕ್ಕೇ ನಾನು ಎಂದೂ ಒತ್ತಾಯ ಮಾಡಲಿಲ್ಲ" ಎಂದ. ಒತ್ತಾಯ ಮಾಡದಿರುವುದೇ ಅವರಲ್ಲಿ ಮರ್ಯಾದೆಯಂತೆ. ಅಷ್ಟು ವರ್ಷ ಅವನು ನನಗೆ ಮರ್ಯಾದೆ ಕೊಡುತ್ತಲೇ ಇದ್ದ, ನಾನು ಅದನ್ನು ಅವಮಾನವೆಂದು ಜಮಾ ಮಾಡಿಕೊಳ್ಳುತ್ತಿದ್ದೆ. ಆಗಲಾದರೂ ನಿಜ ಹೇಳಬಹುದಿತ್ತು. ಅಷ್ಟರಲ್ಲಿ ಹೊರಗೆ ಅವನ ಗಾಡಿ ಹಾರ್ನ್ ಹೊಡೆಯಿತು.

ಊರು ಸಿದ್ಧಕಟ್ಟೆಗೆ ಬಂದು ನೆಲೆಸಿದ ಮೇಲೆ, ಇನ್ನು ಮುಂದೆ ಯಾರು ಕೇಳಿದರೂ ಒಂದೇ ಮಾತಿಗೆ ಒಪ್ಪುವುದೆಂದು ನಿಶ್ಚಯಿಸಿದೆ. ಮೂಡುಬಿದಿರೆಯ ಹಾಲ್ ಒಂದರಲ್ಲಿ ನೆಂಟರ ನಿಶ್ಚಿತಾರ್ಥ. ಹುಡುಗಿಯ ಮಾವ ನನ್ನ ಕೈಕುಲುಕಿ, "ನೀವು ಭಾರೀ ಲಾಯ್ಕ ಬಾರಿಸ್ತೀರಂತೆ, ಒಂದು ಕೇಳುವ" ಎಂದರು. "ಆಯ್ತು" ಎಂದವನೇ ಕಾರಿನಿಂದ ಮ್ಯಾಂಡೊಲಿನ್ ತಂದೆ. ಅವರ ಮುಖ ನೋಡಬೇಕಿತ್ತು. ಎಂಟು ತಂತಿ ಶ್ರುತಿಯಾಗುವಷ್ಟರಲ್ಲಿ ಅರ್ಧ ಸಭೆ ಊಟಕ್ಕೆ ಎದ್ದಿತ್ತು; ನುಡಿಸತೊಡಗಿದಾಗ ಉಳಿದರ್ಧ ಎದ್ದಿತು. ವಾಪಸು ಬರುವಾಗ ಸುಗುಣ ಕಾರಿನಲ್ಲಿ ಸಿಡುಕಿದಳು: "ನಿಮಗೆ ಮಂಡೆ ಸಮ ಇಲ್ವಾ? ಅವರು ಮಾತಿಗೆ ಹೇಳಿದ್ದು. ಒಂದು ಸಲ ಹೇಳಿದ ಕೂಡಲೇ ಯಾರಾದ್ರೂ ಹ್ಞೂಂ ಅಂತಾರಾ?" ಅಂದಿನಿಂದ ನಾನು ಮತ್ತೆ ಬೇಡದ ಪಕ್ಷಕ್ಕೆ ಸೇರಿದೆ.

ಮೊನ್ನೆ ಬೆಳಿಗ್ಗೆ ಜಗಲಿಯಲ್ಲಿ ಕೂತು ತಂತಿ ಒರೆಸುತ್ತಿದ್ದಾಗ ವಾಲ್ಟರ್‌ನ ವಿಡಿಯೋ ಕಾಲ್ ಬಂತು. ಅಲ್ಲಿ ಸಂಜೆ, ಅವರ ಊರಿನದೇ ಬ್ಲೂಗ್ರಾಸ್ ಹಬ್ಬ, ಮರದಡಿ ಅದೇ ಥರ ಸುತ್ತ ಹಾಕಿದ ಕುರ್ಚಿಗಳು. ವಾಲ್ಟರ್ ಬಹಳ ಸೊರಗಿದ್ದ. ಕೈ ಎತ್ತಿ ತೋರಿಸಿದ. ಬೆರಳುಗಳು ಸೆಟೆದುಕೊಂಡು ಬಾಗುತ್ತಲೇ ಇರಲಿಲ್ಲ. "ನನ್ನದು ಮುಗಿಯಿತು. ನನ್ನ ಸರದಿ ನೀನು ನುಡಿಸ್ತೀಯಾ?" ಎಂದ. ವಾದ್ಯ ತೊಡೆಯ ಮೇಲೇ ಇತ್ತು. ಎಂಟೂ ತಂತಿಗಳು ಎಂದೂ ಇಲ್ಲದಂತೆ ಶ್ರುತಿಯಲ್ಲಿದ್ದವು.

"ಬೇಡ ಬೇಡ, ನೀವು ನುಡಿಸಿ" ಎಂದುಬಿಟ್ಟಿತು ಬಾಯಿ. ಬೆರಳು ಬಾಗದ ಮನುಷ್ಯನಿಗೆ! ಅವನು ಬೇಸರಿಸಲಿಲ್ಲ. ನೀನು ಬದಲಾಗಲೇ ಇಲ್ಲ ಎಂಬಂತೆ ಪ್ರೀತಿಯಿಂದ ನಕ್ಕು, ಮರ್ಯಾದೆಯಿಂದ ಫೋನನ್ನು ಅಲ್ಲಿನ ಬ್ಯಾಂಜೋದವನೊಬ್ಬನ ಕಡೆ ತಿರುಗಿಸಿದ. ಹಾಡಿನ ನಡುವೆ ಸಿಗ್ನಲ್ ಹೋಯಿತು. ತಿರುಗಿ ಫೋನ್ ಮಾಡೋಣವೆಂದರೆ, ಅವನು ಇನ್ನೊಮ್ಮೆ ಕರೆಯಲಿ ಎಂದು ಕಾಯುತ್ತಿತ್ತು ನನ್ನ ದರಿದ್ರ ಸಂಸ್ಕಾರ. ಅಷ್ಟರಲ್ಲಿ ಸುಗುಣ ಲೋಟ ಹಿಡಿದು ಬಂದು, "ಕಾಪಿ ಬೇಕಾ?" ಎಂದಳು. ನಾನು ಸಂಕಟದಲ್ಲಿ "ಬೇಡ" ಎಂದೆ. ಅವಳು ಎರಡನೇ ಸಲ ಕೇಳದೆ ಹೊರಳಿದ್ದೇ ತಡ, "ಏ, ಬೇಕು! ಬೇಕು ಮಾರಾಯ್ತಿ!" ಎಂದು ಜಗಲಿ ಹಾರಿಹೋಗುವಂತೆ ಕೂಗಿದೆ.

ಒಂದು ಲೋಟ ಕಾಪಿಗೆ ಅಷ್ಟು ಸಲೀಸಾಗಿ ಹೊರಬಂದ ಮಾತು ಅದು.